ಶೆಡ್ ಮಕ್ಕಳಿಗೆ ಭಾನುವಾರ ಪಾಠ ಮಾಡೋಕೆ ಹೊರಟಿರೋರಿಗೆ

ಬೆಂಗಳೂರಲ್ಲಿ ವೈಟ್‌ಫೀಲ್ಡ್, ಸರ್ಜಾಪುರ ಕಡೆ ಅಪಾರ್ಟ್‌ಮೆಂಟ್ ಕಟ್ಟೋ ಜಾಗದ ಪಕ್ಕ ತಗಡಿನ ಶೆಡ್‌ಗಳು ಇರ್ತವಲ್ಲ, ಅಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದಿರೋ ಎಷ್ಟೋ ಮನೆಯೋರು ಇದ್ದಾರೆ. ಅವರ ಮಕ್ಕಳಿಗೆ ಪಾಠ ಹೇಳ್ಕೊಡ್ಬೇಕು ಅಂತ ಆಸೆ ಇರೋ ಕಾಲೇಜು ಹುಡುಗ್ರು, ಐಟಿ ಕೆಲಸದೋರು ತುಂಬ ಜನ ಸಿಗ್ತಾರೆ, ಅವರಿಗೋಸ್ಕರ ಇದನ್ನ ಬರೀತಿದ್ದೀನಿ.

ಮೊದಲನೇದು, ಒಬ್ಬರೇ ಹೋಗಿ ಶುರು ಮಾಡ್ಬೇಡಿ. ಈಗಾಗ್ಲೇ ಅಲ್ಲಿ ಕೆಲಸ ಮಾಡ್ತಿರೋ ಸಂಸ್ಥೆ ಜೊತೆನೋ, ಹತ್ತಿರದ ಸರ್ಕಾರಿ ಶಾಲೆ ಹೆಡ್‌ಮಾಸ್ಟರ್ ಹತ್ರನೋ ಮಾತಾಡಿ ಸೇರ್ಕೊಳ್ಳಿ. ಸೇರಿದ್ರೆ ಜೂನ್‌ನಿಂದ ಪರೀಕ್ಷೆ ಮುಗಿಯೋವರೆಗೂ ಬರ್ತೀನಿ ಅನ್ನೋ ಹಾಗಿದ್ರೆ ಮಾತ್ರ ಸೇರಿ. ಹುಟ್ಟುಹಬ್ಬಕ್ಕೆ ಬಂದು ಕೇಕ್ ಕತ್ತರಿಸಿ ಫೋಟೋ ತಗೊಂಡು ಹೋಗೋರನ್ನ ಆ ಮಕ್ಕಳು ಬೇಕಾದಷ್ಟು ನೋಡಿದ್ದಾರೆ.

ಮೊದಲನೇ ದಿನ ಪುಸ್ತಕ ತೆಗಿಬೇಡಿ, ಯಾವ ಕ್ಲಾಸು ಅಂತ ಕೇಳಿ ಅದೇ ಕ್ಲಾಸಿನ ಪಾಠ ಶುರು ಮಾಡೋದೂ ಬೇಡ. ಮಕ್ಕಳಿಗೆ ಎಷ್ಟು ಓದೋಕೆ ಬರುತ್ತೆ ಅಂತ ನೋಡೋ ಅಸರ್ ಸಮೀಕ್ಷೆಯಲ್ಲಿ ಪ್ರಥಮ್ ಅನ್ನೋ ಸಂಸ್ಥೆಯೋರು ಮಾಡೋ ಹಾಗೆ ಒಂದೊಂದು ಮಗುನೂ ಪಕ್ಕದಲ್ಲಿ ಕೂರಿಸ್ಕೊಂಡು ಅಕ್ಷರ, ಪದ, ಒಂದು ಸಣ್ಣ ಪ್ಯಾರಾ, ಆಮೇಲೆ ಒಂದು ಕಥೆ ಓದಿಸಿ, ಎಲ್ಲಿ ನಿಲ್ಲುತ್ತೋ ಅಲ್ಲಿಂದ ಶುರು. ಆರನೇ ಕ್ಲಾಸ್ ಹುಡುಗ ಪದದಲ್ಲೇ ನಿಂತ್ರೆ ಅವನು ದಡ್ಡ ಅಂತ ಅಲ್ಲ, ಅಪ್ಪ ಅಮ್ಮ ಕಟ್ಟಡ ಕೆಲಸಕ್ಕೆ ಅಂತ ನಾಲ್ಕು ವರ್ಷದಲ್ಲಿ ಮೂರು ಸೈಟು ಬದಲಾಯಿಸಿರ್ತಾರೆ ಅಷ್ಟೇ. ಅವರು "ಏನ್ ಮಾಡಲತ್ತೀರಿ ಸರ್" ಅಂದ್ರೆ ತಿದ್ದೋಕೆ ಹೋಗ್ಬೇಡಿ, ಅದೂ ಕನ್ನಡನೇ, ನೀವೇ ಎರಡು ಮಾತು ಕಲೀರಿ.

ತಂಗಿನೋ ತಮ್ಮನೋ ಸೊಂಟದ ಮೇಲೆ ಕೂರಿಸ್ಕೊಂಡು ಬರೋ ಹುಡುಗೀರು ಇರ್ತಾರೆ. ಕೂಸನ್ನ ಬಿಟ್ಟು ಬಾ ಅಂದ್ರೆ ಆ ಹುಡುಗಿನೇ ಬರಲ್ಲ, ಯಾಕಂದ್ರೆ ಅಪ್ಪ ಅಮ್ಮ ಇಬ್ರೂ ಕೆಲಸಕ್ಕೆ ಹೋಗಿರ್ತಾರೆ. ಒಂದು ಚಾಪೆ ಹಾಸಿ ಕೂಸಿಗೂ ಜಾಗ ಮಾಡಿ. ಇನ್ನೊಂದು, ಭಾನುವಾರ ಶಾಲೆ ಬಿಸಿಯೂಟ ಇರಲ್ಲ. ಹತ್ತು ಗಂಟೆ ಕ್ಲಾಸಿಗೆ ಏನೂ ತಿನ್ನದೆ ಬಂದಿರೋ ಮಗುಗೆ ಭಾಗಾಕಾರ ತಲೆಗೆ ಹೋಗಲ್ಲ, ಬಾಳೆಹಣ್ಣು ಕಡ್ಲೆಕಾಯಿ ಏನಾದ್ರೂ ಎಲ್ಲರಿಗೂ ಒಂದೇ ಥರ ಕೊಡಿ, ಒಬ್ಬರಿಗೆ ಬ್ಯಾಗು ಇನ್ನೊಬ್ಬರಿಗೆ ಶೂ ಅಂತ ಉಡುಗೊರೆ ಮಾತ್ರ ಬೇಡ.

ಇನ್ನು ನಿಜವಾಗ್ಲೂ ಕಣ್ಣು ತೆರೆಸೋದು ಪಾಠ ಅಲ್ಲ, ಪೇಪರ್ ಕೆಲಸ. ಶೆಡ್ ನೋಡಿ ಅಯ್ಯೋ ಪಾಪ ಅನ್ನಿಸೋದು ಎರಡು ದಿನ ಇರುತ್ತೆ, ಆದ್ರೆ ಒಂದು ಮಗುನ ಶಾಲೆಗೆ ಸೇರಿಸೋಕೆ, ಒಂದು ಸ್ಕಾಲರ್‌ಶಿಪ್ ಅರ್ಜಿ ಹಾಕೋಕೆ ಜೊತೆಗೆ ಹೋಗಿ ನೋಡಿ. ಎಸ್‌ಎಸ್‌ಪಿ ಅಂದ್ರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಜಾತಿ, ಆದಾಯ ಪ್ರಮಾಣಪತ್ರ ಬೇಕು, ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿರ್ಬೇಕು. ಆಧಾರಲ್ಲಿ ಮಲ್ಲಪ್ಪ, ಶಾಲೆ ದಾಖಲೆಯಲ್ಲಿ ಮಲ್ಲಿಕಾರ್ಜುನ ಅಂತ ಇದ್ರೆ ಮುಗೀತು. ಜಾತಿ, ಆದಾಯ ಪತ್ರ ಮಾಡ್ಸೋಕೆ ಊರಿನ ನಾಡಕಚೇರಿಗೆ ಹೋಗ್ಬೇಕಾಗಿ ಬಂದ್ರೆ ಅಪ್ಪನ ಎರಡು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಈ ಪತ್ರಗಳನ್ನ ಯಾರು ಮಾಡಿಸಿದ್ರು ಅಂತಾನೇ ಗೊತ್ತಿಲ್ಲ, ಅಪ್ಪ ಯಾವಾಗ್ಲೋ ರಜೆ ಹಾಕಿ ಮಾಡಿಸಿಟ್ಟಿರ್ತಾರೆ, ಸಂಬಳ ಕಟ್ ಆಗಿರಲ್ಲ. ಕ್ಲಾಸ್ ಮುಗಿದ ದಿನ ರಾತ್ರಿ ಒಂದು ನೋಟ್‌ಬುಕ್ಕಲ್ಲಿ ಇದನ್ನ ಬರೀರಿ: ಇವತ್ತು ಈ ಮಗು ಯಾವ ಕೆಲಸ ತಾನೇ ಮಾಡ್ಕೊಳ್ತು, ಅದೇ ಕೆಲಸ ನನಗೆ ಯಾರು ಮಾಡಿಕೊಟ್ಟಿದ್ರು. ಮಕ್ಕಳಿಗೆ ತೋರಿಸೋಕೆ ಅಲ್ಲ, ನಿಮಗೆ ಮಾತ್ರ.

ಶಾಲೆಗೆ ಸೇರಿಸುವಾಗ ಧೈರ್ಯವಾಗಿ ಮಾತಾಡಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುಗೆ ಜನನ ಪ್ರಮಾಣಪತ್ರ ಇಲ್ಲ, ಟಿಸಿ ಇನ್ನೂ ಬಂದಿಲ್ಲ, ವರ್ಷದ ಮಧ್ಯ ಆಯ್ತು ಅಂತ ಪ್ರವೇಶ ನಿರಾಕರಿಸೋ ಹಾಗಿಲ್ಲ, ವಯಸ್ಸಿಗೆ ತಕ್ಕ ಕ್ಲಾಸಿಗೇ ಸೇರಿಸ್ಬೇಕು. ಆದ್ರೆ ಹೆಡ್‌ಮಾಸ್ಟರ್ ಜೊತೆ ಜಗಳ ಬೇಡ, ಅಪ್ಪ ಅಮ್ಮನೇ ಮಾತಾಡ್ಲಿ, ನೀವು ಪಕ್ಕದಲ್ಲಿ ನಿಂತ್ಕೊಳ್ಳಿ. ನೀವೇ ಇಂಗ್ಲಿಷಲ್ಲಿ ಮಾತಾಡಿ ಕೆಲಸ ಮುಗಿಸಿದ್ರೆ ಬೇಗ ಆಗ್ಬಹುದು, ಆದ್ರೆ ಮುಂದಿನ ಸಲ ನೀವಿಲ್ದೆ ಇದ್ದಾಗ ಅವರ ಮಾತು ಯಾರೂ ಕೇಳಲ್ಲ.

ಮಗು ಜೊತೆ ಬಾಗಿಲು ಹಾಕಿರೋ ಜಾಗದಲ್ಲಿ ಒಬ್ಬರೇ ಕೂರಬೇಡಿ. ಯಾರೋ ಹೊಡೀತಾರೆ, ಮುಟ್ತಾರೆ ಅಂತ ಮಗು ಹೇಳಿದ್ರೆ ಸಮಾಧಾನವಾಗಿ ಕೇಳಿಸ್ಕೊಳ್ಳಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಲೈಂಗಿಕ ದೌರ್ಜನ್ಯ ಆಗಿದ್ರೆ ತಿಳಿದೂ ಸುಮ್ಮನಿರೋದು, ಮಕ್ಕಳನ್ನ ಲೈಂಗಿಕ ಅಪರಾಧಗಳಿಂದ ಕಾಪಾಡೋಕೆ ಇರೋ ಪೋಕ್ಸೋ ಕಾಯ್ದೆ ಪ್ರಕಾರ ಅಪರಾಧ.

ಕೊನೇದು, ಸೈಟ್ ಕೆಲಸ ಮುಗಿದ್ರೆ ಹೇಳದೆ ಕೇಳದೆ ಎಲ್ಲಾರೂ ಹೊರಟುಬಿಡ್ತಾರೆ, ಮೇಸ್ತ್ರಿ ರಾತ್ರಿ ಹೇಳಿದ್ರೆ ಬೆಳಿಗ್ಗೆ ಶೆಡ್ ಖಾಲಿ. ಅದಕ್ಕೆ ಮೊದಲೇ ಪ್ರತಿ ಮಗುವಿನ ಸ್ಯಾಟ್ಸ್ ನಂಬರನ್ನ (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಆ ಮಗುಗೆ ಇರೋ ಗುರುತಿನ ನಂಬರ್) ಶಾಲೆಯಿಂದ ತಗೊಂಡು ಮಗುವಿನ ನೋಟ್‌ಬುಕ್ಕಿನ ಮೊದಲನೇ ಪುಟದಲ್ಲೂ ಅಮ್ಮನ ಫೋನಲ್ಲೂ ಬರೆದಿಡಿ. ಆ ನಂಬರ್ ಇದ್ರೆ ಮುಂದಿನ ಊರಿನ ಶಾಲೆಯೋರಿಗೆ ಹಳೇ ದಾಖಲೆ ಹುಡುಕೋದು ಸುಲಭ.