ಮೂಕಜ್ಜ ಸಿಕ್ಕಿದ್ದು ಇತರೆ ಹಕ್ಕಿನ ಕಾಲಂನಲ್ಲಿ

"ಮೂಕರ ಹೆಸರು ಕಾಗದದಾಗ ಎಲ್ಲಿ ಬರ್ತೈತೋ? ರೊಕ್ಕ ಯಾಕ್ ಹಾಳ್ ಮಾಡ್ತಿ?" ಅಂತ ನಮ್ಮ ಕಾಕಾ ನಾಲ್ಕು ವರ್ಷ ಹಂಗಿಸಿದರು. ಈಗ ಆ ಹೆಸರಿರುವ ಉತಾರದ, ಅಂದರೆ ಹೊಲದ ಹಕ್ಕಿನ ದಾಖಲೆಯ, ನಕಲಿಗೆ ಕಟ್ಟು ಹಾಕಿಸಿ ಗೋಡೆಗೆ ಹಾಕಿಕೊಂಡವರೂ ಅವರೇ.

ನಾವು ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಚಿಕ್ಕೋಡಿ ಕಡೆಯವರು. ಮುತ್ತಜ್ಜನ ತಮ್ಮ ಹುಟ್ಟು ಕಿವುಡ, ಮೂಕ. ಮನೆಯಲ್ಲಿ ಅವನು ಬರೀ ಮೂಕಜ್ಜ. ನಿಜ ಹೆಸರು ಯಾರಿಗೂ ನೆನಪಿರಲಿಲ್ಲ. ಅದನ್ನೇ ಹಳೆ ಕಾಗದಗಳಲ್ಲಿ ಹುಡುಕಲು ಹೊರಟೆ.

ಮೊದಲು ಜನಗಣತಿಗೆ ಕೈ ಹಾಕಿ ಕೆಟ್ಟೆ. 1881ರಿಂದ 1931ರವರೆಗೆ ಕಿವುಡ-ಮೂಕರನ್ನು, ಕುರುಡರನ್ನು ಬೇರೆಯಾಗಿ ಎಣಿಸಿದ್ದಾರಲ್ಲ, ಸಿಕ್ಕೇ ಸಿಗುತ್ತಾನೆ ಅಂದುಕೊಂಡೆ. ಎರಡು ಸಲ ಮುಂಬೈಗೆ ಓಡಾಡಿ ಏಳೆಂಟು ಸಾವಿರ ಕಳೆದೆ. ಸಿಕ್ಕಿದ್ದು ಬರೀ ಲೆಕ್ಕ, ಹೆಸರಿನ ಹಾಳೆ ಒಂದೂ ಇಲ್ಲ.

ಆಮೇಲೆ ಮೋಡಿಯ, ಅಂದರೆ ಮರಾಠಿಯ ಹಳೆ ಕೂಡು ಲಿಪಿಯ, ಪೀಕಲಾಟ. ಮನೆತನದ ವಾಟ್ನಿ ಪತ್ರ (ಆಸ್ತಿ ಪಾಲಿನ ಪತ್ರ) ಓದಿಸಲು ಪುಟಕ್ಕೆ 300 ರೂಪಾಯಿ ಕೊಟ್ಟೆ. ಓದಿದವರು ಅವಸರದಲ್ಲಿ "ಮುಕಾ" ಅನ್ನುವುದನ್ನು ಹೆಸರು ಅಂತ ಬರೆದುಕೊಟ್ಟರು. ಮರಾಠಿಯಲ್ಲಿ ಅದರ ಅರ್ಥ ಮೂಕ! ಇಲ್ಲದ ಮುಕಾನನ್ನು ಆರು ತಿಂಗಳು ಹುಡುಕಿದೆ. ಸಿಟ್ಟು ಬಂದು ನಾನೇ ಮೋಡಿ ಕಲಿತೆ. ಟಾರ್ಚ್ ಅಡ್ಡ ಹಿಡಿದು ಫೋಟೊ ತೆಗೆದರೆ ಮಾಸಿದ ಅಕ್ಷರ ಏಳುತ್ತದಾ ಅಂತಲೂ ನೋಡಿದೆ. ಎದ್ದಿದ್ದು ಕಾಗದದ ಸುಕ್ಕು ಮಾತ್ರ.

ಹಳೆ ಹಿಂದೂ ಕಾಯ್ದೆಯಲ್ಲಿ ಹುಟ್ಟು ಮೂಕನಿಗೆ ಪಾಲಿಲ್ಲ, ಪೋಟಗಿ (ಜೀವನಾಂಶ) ಮಾತ್ರ. ಅದನ್ನು ತೆಗೆದದ್ದು 1928ರ ಕಾಯ್ದೆ. ನಮ್ಮ ವಾಟ್ನಿ ಅದಕ್ಕೂ ನಾಲ್ಕೈದು ವರ್ಷ ಹಿಂದಿನದು. ಅಂದ ಮೇಲೆ ಉತಾರದ ಕಬ್ಜೇದಾರರ (ಹೊಲದ ಒಡೆಯರ) ಕಾಲಂನಲ್ಲಿ ಅವನು ಎಲ್ಲಿಂದ ಬರಬೇಕು? ನಾನು ಮೂರು ವರ್ಷ ಅಲ್ಲೇ ಕಣ್ಣು ಸವೆಸಿದ್ದೆ. ಇತರೆ ಹಕ್ಕುಗಳ ಕಾಲಂಗೆ ಬಂದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಅವನ ನಿಜ ಹೆಸರು. ವರ್ಷಕ್ಕೆ ಜೋಳ ನಾಲ್ಕು ಚೀಲ, ಧೋತರ ಎರಡು, ಕಂಬಳಿ ಒಂದು. ಈ ಪೋಟಗಿಯ ಬೋಜಾ (ಹೊರೆ) ಅಣ್ಣನ ಹೊಲದ ಮೇಲೆ.

ಅಲ್ಲಿಂದ ಡೈರಿ, ಅಂದರೆ ಹಕ್ಕು ಬದಲಾವಣೆ ಬರೆದಿಡುವ ಪುಸ್ತಕ, ಹಿಡಿದು ಹೋದೆ. 1941ರ ಸುಮಾರಿಗೆ "ಮಯತ, ಬೋಜಾ ಕಮಿ". ಅಂದರೆ ತೀರಿಕೊಂಡ, ಹೊರೆ ತೆಗೆದಿದೆ. ಡೈರಿ ನಂಬರನ್ನು ಒಂದೇ ದಿನದಲ್ಲಿ ಹೇಗೆ ಹಿಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಒಟ್ಟು ಇಪ್ಪತ್ತು ಸಾವಿರದ ಮೇಲೆ ಹೋಯಿತು. ಅದರಲ್ಲಿ ಉತಾರ, ಡೈರಿಗಳ ನಕಲಿಗೆ ಹೋದದ್ದು ಇನ್ನೂರರ ಒಳಗೆ!

ಖಾತ್ರಿಗೆ ಅಂತ ಮನೆತನಗಳ ವಂಶಾವಳಿ ಬರೆದಿಡುವ ಹೆಳವರ ಹತ್ತಿರವೂ ಹೋದೆ. ಹೆಳವ ಅಂದರೇನೇ ಕುಂಟ ಅಲ್ವಾ, ಮೂಕಜ್ಜನನ್ನು ಬಿಟ್ಟಿರಲಿಕ್ಕಿಲ್ಲ ಅನಿಸಿತ್ತು. ಬಿಟ್ಟಿರಲಿಲ್ಲ. ಅಣ್ಣನ ಕವಲು ಪುಟ ತುಂಬ, ತಮ್ಮನ ಹೆಸರಿನ ಮುಂದೆ ಖಾಲಿ. ಹೆಸರು ಉತಾರದಲ್ಲಿ ಇದ್ದದ್ದೇ.

"ಇವ್ರು ಸನ್ಯಾಸಿ ಆಗಿದ್ರೇನ್ರೀ?" ಅಂತ ಹೆಳವರು ಕೇಳಿದರು.

"ಇಲ್ರೀ, ಮೂಕರಿದ್ರು" ಅಂದೆ. ಪೆನ್ನು ತೆಗೆದು ಪಕ್ಕದಲ್ಲೇ ಬರೆದುಕೊಂಡರು. ಅದಕ್ಕೆ ಮತ್ತೆ 500.