ಕಂಬ ನೋಡಿ ಲಾಕ್ ತಂದೆ

ಗೇರ್ ಸೈಕಲ್ ತಂದ ಮೇಲೆ ಲಾಕ್ ಹುಡುಕುವ ಕೆಲಸ ಶುರುವಾಯಿತು. ಅಂಗಡಿಗೆ ಹೋಗುವ ಮೊದಲು ಜೇಬಲ್ಲಿ ಒಂದು ಟೇಪ್ ಇಟ್ಟುಕೊಂಡು, ನಾನು ಸೈಕಲ್ ನಿಲ್ಲಿಸುವ ಜಾಗಗಳಿಗೆಲ್ಲ ಒಂದು ಸುತ್ತು ಹೋಗಿ ಬಂದೆ. ಶಿವಮೊಗ್ಗದಲ್ಲಿ ನಾನು ಓಡಾಡುವ ಕಡೆ ಸೈಕಲ್‌ಗೆ ಅಂತಲೇ ಮಾಡಿದ ಸ್ಟ್ಯಾಂಡ್ ಇಲ್ಲ. ಗಾಂಧಿ ಬಜಾರಿಗೆ ಹೋದರೆ ಕರೆಂಟ್ ಕಂಬ, ದುರ್ಗಿಗುಡಿಯಲ್ಲಿ ಯಾವುದಾದರೂ ಬೋರ್ಡಿನ ಕಂಬ, ಆಫೀಸಿನಲ್ಲಿ ಕಬ್ಬಿಣದ ಗ್ರಿಲ್. ಯಾವುದಕ್ಕೆ ಕಟ್ಟುತ್ತೇವೆ ಅಂತ ಗೊತ್ತಿಲ್ಲದೆ ಲಾಕ್ ಆರಿಸುವುದು ಹೇಗೆ?

ಹಳೆ ಸೈಕಲ್‌ಗಳ ಹಿಂದಿನ ಚಕ್ರಕ್ಕೆ ಕೂರಿಸುವ ಲಾಕ್ ಚಕ್ರ ತಿರುಗದಂತೆ ಮಾಡುತ್ತದೆ, ಅಷ್ಟೇ. ಸೈಕಲ್ಲನ್ನೇ ಎತ್ತಿ ಆಟೋಗೆ ಹಾಕಿಕೊಂಡು ಹೋದರೆ ಅದು ಏನೂ ಮಾಡಲಾರದು. ಗೇರ್ ಸೈಕಲ್ ಎತ್ತಲು ಒಬ್ಬ ಸಾಕು.

ಕೇಬಲ್ ಲಾಕ್ ನೋಡಲು ದಪ್ಪ. ಆದರೆ ಆ ದಪ್ಪ ಜಾಸ್ತಿ ಇರುವುದು ಪ್ಲಾಸ್ಟಿಕ್ಕಿನದ್ದು. ಒಳಗೆ ಇರುವುದು ಸಣ್ಣ ಸಣ್ಣ ತಂತಿಯ ಎಳೆ. ಮನೆಯಲ್ಲಿದ್ದ ಹಳೆಯದೊಂದನ್ನು ಕಟಿಂಗ್ ಪ್ಲೇಯರ್ ಹಿಡಿದು ಕತ್ತರಿಸಿ ನೋಡಿದೆ. ಸಲೀಸಾಗಿ ತುಂಡಾಯಿತು. ಕಣ್ಣೆದುರೇ ಸೈಕಲ್ ನಿಲ್ಲಿಸಿ ಟೀ ಕುಡಿಯುವಾಗ ಅದು ಪರವಾಗಿಲ್ಲ, ಇಡೀ ದಿನಕ್ಕೆ ಬೇಡ.

ಉಳಿದದ್ದು ಯು ಅಕ್ಷರದ ಹಾಗೆ ಬಗ್ಗಿಸಿದ ದಪ್ಪ ಸರಳಿನ ಯು-ಲಾಕ್ ಮತ್ತು ಚೈನ್. 13 ಮಿಮೀ ಸರಳಿನ ಯು-ಲಾಕನ್ನು ಕೈಯಲ್ಲಿ ಹಿಡಿಯುವ ಬೋಲ್ಟ್ ಕಟರ್‌ನಿಂದ ಕತ್ತರಿಸುವುದು ಬಲು ಕಷ್ಟ. ಆಂಗಲ್ ಗ್ರೈಂಡರ್ ತಂದರೆ ಯಾವುದೂ ನಿಲ್ಲುವುದಿಲ್ಲ, ಆದರೆ ಅದರ ಸದ್ದಿಗೆ ಬೀದಿಯೇ ತಿರುಗಿ ನೋಡುತ್ತದೆ. ಯು-ಲಾಕಿನ ತೊಂದರೆ ಅದರ ಅಗಲ. ನಾನು ನೋಡಿದ್ದರ ಒಳ ಅಗಲ ಸುಮಾರು 10 ಸೆಂಮೀ. ಗ್ರಿಲ್‌ಗೆ ಸರಿಯಾಗಿ ಕೂರುತ್ತದೆ, ಸಿಮೆಂಟ್ ಕಂಬಕ್ಕೆ ಆಗುವುದೇ ಇಲ್ಲ. ಹಾಗಾಗಿ ಆಫೀಸಿಗೆ ಯು-ಲಾಕ್, ಪೇಟೆಗೆ 10 ಮಿಮೀ ಚೈನ್ ಅಂತ ಎರಡು ತಂದೆ. ಯು-ಲಾಕ್ ಆಫೀಸಿನ ಗ್ರಿಲ್‌ನಲ್ಲೇ ಇರುತ್ತದೆ, ದಿನಾ ಹೊರುವುದು ತಪ್ಪಿತು. ಚೈನ್ ಎರಡು ಕೆಜಿಗೂ ಜಾಸ್ತಿ. ಭಾರ ಹೌದು, ಆದರೂ ಸಣ್ಣ ಚೈನ್ ಬೇಡ ಅಂತಲೇ ಹೇಳುತ್ತೇನೆ.

ಚೈನಿನ ಉಕ್ಕು ಹದ ಹಾಕಿದ್ದೋ, ಅಂದರೆ ಕಾಯಿಸಿ ಗಡುಸು ಮಾಡಿದ್ದೋ, ಅಲ್ಲವೋ ಅಂತ ನೋಡಲು ಒಂದು ಅರ ಸಾಕು. ಮನೆ ಗೇಟಿನ ಸಾಮಾನ್ಯ ಸರಪಳಿಗೆ ಅರ ಹಾಕಿದರೆ ಕಚ್ಚುತ್ತದೆ, ಪುಡಿ ಬೀಳುತ್ತದೆ. ಹದ ಹಾಕಿದ ಉಕ್ಕಿನ ಮೇಲೆ ಅರ ಜಾರುತ್ತದೆ. ಡಬ್ಬದ ಮೇಲೆ ಕಂಪನಿ ತಾನೇ ಹಾಕಿಕೊಂಡ ಅಂಕಕ್ಕಿಂತ ಈ ಪರೀಕ್ಷೆ ನನಗೆ ಹೆಚ್ಚು.

"ಸರ್, ನಂಬರ್ ಲಾಕ್ ತಗೊಳ್ಳಿ, ಕೀ ಕಳೆಯೋ ತಲೆನೋವಿಲ್ಲ" ಅಂದರು ಅಂಗಡಿಯವರು. ಅಗ್ಗದ ನಂಬರ್ ಲಾಕನ್ನು ಎಳೆದು ಹಿಡಿದು ಒಂದೊಂದೇ ಚಕ್ರ ತಿರುಗಿಸಿದರೆ ಸರಿಯಾದ ಅಂಕಿ ಬೆರಳಿಗೆ ತಿಳಿಯುತ್ತದೆ. ಬೇಡ ಅಂದೆ. ಕೊಳವೆಯಂಥ ದುಂಡನೆ ಕೀಯದ್ದೂ ಬೇಡ ಅಂದೆ. 2004ರಲ್ಲಿ ಅಮೆರಿಕದಲ್ಲಿ ಕ್ರಿಪ್ಟೊನೈಟ್ ಕಂಪನಿಯ ಅಂಥ ಲಾಕುಗಳನ್ನು ಬಿಕ್ ಪೆನ್ನಿನ ಕೊಳವೆಯಿಂದಲೇ ತೆಗೆದು ತೋರಿಸಿದ್ದರು. ಕಂಪನಿ ಅವನ್ನು ವಾಪಸ್ ಪಡೆದು ಬೇರೆ ಲಾಕ್ ಕೊಡಬೇಕಾಯಿತು. ನಾನು ಚಪ್ಪಟೆ ಕೀಯದ್ದೇ ತಂದೆ.

ಇನ್ನು ನಮ್ಮ ಮಳೆ. ಕಳ್ಳನ ಬಗ್ಗೆ ಎಲ್ಲರೂ ಹೇಳುತ್ತಾರೆ, ತುಕ್ಕಿನ ಬಗ್ಗೆ ಯಾರೂ ಹೇಳುವುದಿಲ್ಲ. ಜೂನ್ ಬಂತೆಂದರೆ ಲಾಕ್ ದಿನವಿಡೀ ನೆನೆಯುತ್ತದೆ, ಕೀ ತಿರುಗದೆ ಸಂಜೆ ರಸ್ತೆಯಲ್ಲೇ ನಿಲ್ಲಬೇಕಾಗುತ್ತದೆ. ಕೀ ತೂತಿಗೆ ಮುಚ್ಚಳ ಇರುವುದನ್ನೇ ತೆಗೆದುಕೊಳ್ಳಿ. ಲಾಕ್ ಹಾಕುವಾಗ ತೂತು ಕೆಳಮುಖವಾಗಿರಲಿ. ನಮ್ಮ ಕಡೆ ಸುಮ್ನೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ಇದೆ. ಅದು 24 ಡಿಗ್ರಿ ಸುಮಾರಿಗೆ ಗಟ್ಟಿಯಾಗುತ್ತದೆ. ಮಲೆನಾಡಿನ ಚಳಿಗಾಲದ ಬೆಳಗ್ಗೆ ಲಾಕಿನ ಒಳಗೆ ಅದು ತುಪ್ಪದ ಹಾಗೆ ಹೆಪ್ಪುಗಟ್ಟಿ ಕೂರುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಎರಡು ಹನಿ ಬಿಟ್ಟರೆ ಸಾಕು. ಚೈನಿನ ಮೇಲೆ ಹೊದಿಸಿದ ಬಟ್ಟೆಯ ಕವರ್ ನೀರು ಹಿಡಿದುಕೊಂಡು ಒಳಗೊಳಗೇ ತುಕ್ಕು ತರುತ್ತದೆ. ನಮ್ಮ ಮನೆಯಲ್ಲಿ ಇನ್ನೂ ಹಂಡೆ ಒಲೆ ಇದೆ. ಮಳೆಗಾಲದಲ್ಲಿ ರಾತ್ರಿ ಚೈನನ್ನು ಬಚ್ಚಲಲ್ಲಿ, ಒಲೆ ಹತ್ತಿರದ ಗೂಟಕ್ಕೆ ನೇತು ಹಾಕುತ್ತೇನೆ.

ಕಟ್ಟುವ ರೀತಿಯೂ ಮುಖ್ಯ ಅಲ್ವಾ? ಮುಂದಿನ ಚಕ್ರಕ್ಕೆ ಮಾತ್ರ ಕಟ್ಟಿದರೆ ಚಕ್ರ ಬಿಟ್ಟು ಉಳಿದದ್ದು ಹೋಗುತ್ತದೆ. ಚೈನ್ ಯಾವಾಗಲೂ ಹಿಂದಿನ ಚಕ್ರ, ಫ್ರೇಮ್, ಕಂಬ ಮೂರನ್ನೂ ಸುತ್ತಬೇಕು. ನೆಲಕ್ಕೆ ತಾಗಬಾರದು. ತಾಗಿದರೆ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಲು ಅನುಕೂಲವಾಗುತ್ತದೆ. ಮುಂದಿನ ಚಕ್ರಕ್ಕೆ ಕೈಯಲ್ಲೇ ಬಿಚ್ಚುವ ಲಿವರ್ ಇತ್ತು. ಅದನ್ನು ತೆಗೆಸಿ ನಟ್ ಹಾಕಿಸಿದೆ.

ಸೈಕಲ್ ತಲೆಕೆಳಗೆ ಮಾಡಿದರೆ ಪೆಡಲ್ ಕೂರುವ ಜಾಗದ ಅಡಿಯಲ್ಲಿ ಸಾಮಾನ್ಯವಾಗಿ ಫ್ರೇಮ್ ನಂಬರ್ ಕೆತ್ತಿರುತ್ತದೆ. ಅದರ ಫೋಟೋ, ಬಿಲ್ಲಿನ ಫೋಟೋ ಎರಡನ್ನೂ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಪೊಲೀಸ್ ಸ್ಟೇಷನ್ನಿಗೆ ಹೋಗುವ ಸಂದರ್ಭ ಬಂದರೆ ಸೈಕಲ್ ನನ್ನದು ಅಂತ ತೋರಿಸಲು ಅವು ಬೇಕು.