ಒಂದೇ ಲೂಪ್, ನಾಲ್ಕು ಸಾಫ್ಟ್‌ವೇರ್: ನನ್ನ ಅನುಭವ

ಮೊದಲ ಎರಡು ತಿಂಗಳು ನಾನು ಒಂದೇ ಒಂದು ಬೀಟ್ ಮಾಡಲಿಲ್ಲ. ಕಂಪ್ಯೂಟರ್‌ನಲ್ಲಿ ಸಂಗೀತ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಹೋಲಿಸುವ ವಿಡಿಯೋಗಳನ್ನು ನೋಡುತ್ತಾ ಕೂತಿದ್ದೆ, ಅಷ್ಟೇ. ಒಬ್ಬರು ಎಫ್‌ಎಲ್ ಸ್ಟುಡಿಯೋ ಅನ್ನುತ್ತಾರೆ, ಇನ್ನೊಬ್ಬರು ಏಬಲ್‌ಟನ್ ಲೈವ್ ಬಿಟ್ಟು ಬೇರೆ ಮಾತೇ ಆಡುವುದಿಲ್ಲ, ಮೂರನೆಯವರು ಬಂದು ಯಾವುದಾದರೇನು, ಎಲ್ಲದರಲ್ಲೂ ಬರುವ ಸದ್ದು ಒಂದೇ ಅನ್ನುತ್ತಾರೆ. ಸದ್ದಿನ ಮಟ್ಟಿಗೆ ಮೂರನೆಯವರ ಮಾತು ಹೆಚ್ಚುಕಮ್ಮಿ ಸರಿ. ಆದರೆ ಕೈ ಓಡುವ ಬಗೆ ಎಲ್ಲದರಲ್ಲೂ ಒಂದೇ ಅಲ್ಲ. ಅದು ನೋಡಿದರೆ ಗೊತ್ತಾಗುವುದಿಲ್ಲ, ಮಾಡಿದರೆ ಮಾತ್ರ ಗೊತ್ತಾಗುತ್ತದೆ.

ನಡುವೆ ಒಂದು ದಡ್ಡತನವೂ ಆಯಿತು. ಎಲ್ಲಿಂದಲೋ ಕ್ರ್ಯಾಕ್ ಮಾಡಿದ ಕಾಪಿಯೊಂದನ್ನು ಇಳಿಸಿಕೊಂಡೆ. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಆಂಟಿವೈರಸ್ ಅದರ ಫೈಲೊಂದನ್ನು ಅಳಿಸಿ ಹಾಕಿತು, ಪ್ರಾಜೆಕ್ಟ್ ತೆರೆಯಲೇ ಇಲ್ಲ. ಹೋಗಿದ್ದು ನಲವತ್ತು ಸೆಕೆಂಡಿನ ತುಣುಕು ಅಷ್ಟೇ, ಆದರೂ ಎರಡು ದಿನ ಕಂಪ್ಯೂಟರ್ ಮುಟ್ಟಲು ಮನಸ್ಸಾಗಲಿಲ್ಲ. ಕಾಸು ಕೊಡದೆ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಇಷ್ಟೊಂದು ಇರುವಾಗ ಆ ಉಸಾಬರಿ ಯಾಕೆ ಬೇಕಿತ್ತೋ.

ಕೊನೆಗೆ ವಿಡಿಯೋ ನೋಡುವುದು ಬಿಟ್ಟು ಒಂದು ಪರೀಕ್ಷೆ ಇಟ್ಟುಕೊಂಡೆ. ಒಂದೇ ಲೂಪನ್ನು, ಅಂದರೆ ಮತ್ತೆ ಮತ್ತೆ ಸುತ್ತುವ ಸಂಗೀತದ ತುಣುಕನ್ನು, ನಾಲ್ಕು ಸಾಫ್ಟ್‌ವೇರ್‌ಗಳಲ್ಲಿ ಮಾಡುವುದು. ವೇಗ 124 ಬಿಪಿಎಂ (ನಿಮಿಷಕ್ಕೆ 124 ಬೀಟ್), ಪ್ರತಿ ಬೀಟಿಗೂ ಒಂದು ಕಿಕ್ (ಡ್ರಮ್ಮಿನ ದಪ್ಪ ಸದ್ದು), ಎರಡು ಮತ್ತು ನಾಲ್ಕನೇ ಬೀಟಿಗೆ ಕ್ಲ್ಯಾಪ್ (ಚಪ್ಪಾಳೆಯ ಸದ್ದು), ಕಿಕ್‌ಗಳ ನಡುವೆ ಹೈಹ್ಯಾಟ್ (ತಾಳದ ತಟ್ಟೆಯ ಸಣ್ಣ ಸದ್ದು), ಕೆಳಗೊಂದು ಬೇಸ್ (ತಗ್ಗಿನ ಸ್ವರ), ಮೇಲೆ ಮೂರು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು). ಎಂಟು ಬಾರ್, ನಾಲ್ಕು ಬೀಟ್ ಸೇರಿದರೆ ಒಂದು ಬಾರ್. ಆಮೇಲೆ ಅದನ್ನೇ ಮೂರು ನಿಮಿಷದ ಟ್ರ್ಯಾಕ್ ಆಗುವಂತೆ ಬೆಳೆಸುವುದು. ಒಂದೊಂದಕ್ಕೆ ಒಂದು ವಾರ. ಲೂಪ್ ಮಾಡುವುದು ಎಲ್ಲದರಲ್ಲೂ ಸುಲಭ, ಹೊಸಬರಿಗೂ ಒಂದು ಸಂಜೆ ಸಾಕು. ಅದನ್ನು ಬೆಳೆಸಲು ಕೂತಾಗಲೇ ನಿಜವಾದ ವ್ಯತ್ಯಾಸ ಕಾಣುವುದು.

ಮೊದಲು ಎಲ್‌ಎಂಎಂಎಸ್. ಪೂರ್ತಿ ಉಚಿತ, ಓಪನ್ ಸೋರ್ಸ್, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಅದರೊಳಗೆ ಟ್ರಿಪಲ್ ಆಸಿಲೇಟರ್ ಎಂಬ ಸಿಂತ್, ಅಂದರೆ ಸದ್ದನ್ನು ತಾನೇ ಹುಟ್ಟಿಸುವ ವಾದ್ಯ, ಇದೆ. ಸಿಂತ್ ಅಂದರೇನು ಎಂದು ನನಗೆ ಅರ್ಥವಾಗಿದ್ದೇ ಅದರಿಂದ. ಮೂರು ಅಲೆಗಳನ್ನು ಬೆರೆಸಿ, ಒಂದನ್ನು ಒಂಚೂರು ಡಿಟ್ಯೂನ್ ಮಾಡಿದರೆ, ಅಂದರೆ ಅದರ ಶ್ರುತಿಯನ್ನು ತುಸು ಸರಿಸಿದರೆ, ಸಪ್ಪೆ ಸದ್ದು ಇದ್ದಕ್ಕಿದ್ದಂತೆ ದಪ್ಪವಾಗುತ್ತದೆ. ಒಂದು ರಾತ್ರಿಯೆಲ್ಲ ಅದನ್ನೇ ತಿರುಗಿಸುತ್ತಾ ಕೂತಿದ್ದೆ. ಆದರೆ ನಾನು ಬಳಸಿದ 1.2 ಆವೃತ್ತಿಯಲ್ಲಿ ಮೈಕಿನಿಂದ ನೇರವಾಗಿ ರೆಕಾರ್ಡ್ ಮಾಡಲು ಬರುವುದಿಲ್ಲ. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ ತಂದು ಹಾಕಬೇಕು. ಬಾಗಿಲು ಬಡಿಯುವ ಸದ್ದು, ಚಮಚದ ಸದ್ದು ಅಂತೆಲ್ಲ ಸೇರಿಸುವ ಹುಚ್ಚು ನನಗೆ, ಹಾಗಾಗಿ ಕಿರಿಕಿರಿಯಾಯಿತು. ಬರೀ ಸಿಂತ್ ಮತ್ತು ಡ್ರಮ್ ಸಾಕು ಅನ್ನುವವರಿಗೆ ಇದು ಕೊರತೆಯೇ ಅಲ್ಲ.

ಎಫ್‌ಎಲ್ ಸ್ಟುಡಿಯೋದಲ್ಲಿ ಡ್ರಮ್ ಹತ್ತೇ ನಿಮಿಷಕ್ಕೆ ಮುಗಿಯಿತು. ಇದು 1997ರಲ್ಲಿ ಫ್ರೂಟಿಲೂಪ್ಸ್ ಎಂಬ ಹೆಸರಿನಲ್ಲಿ, ಡ್ರಮ್ ಮಷೀನಿನ ಹಾಗೆ ಶುರುವಾದದ್ದು, ಆ ಗುಣ ಇನ್ನೂ ಹೋಗಿಲ್ಲ. ಸಾಲಾಗಿ 16 ಗುಂಡಿಗಳು, ಒಂದು ಬಾರನ್ನು ಹದಿನಾರು ಭಾಗ ಮಾಡಿದ ಲೆಕ್ಕ. 1, 5, 9, 13 ಒತ್ತಿದರೆ ಕಿಕ್ ಸಿದ್ಧ. ಸ್ವರಗಳನ್ನು ಮೌಸ್‌ನಿಂದ ಜಾಲರಿಯಲ್ಲಿ ಬರೆಯುವ ಪಿಯಾನೋ ರೋಲ್ ಕೂಡ ಅಷ್ಟೇ ಚೆನ್ನಾಗಿದೆ, ನುಡಿಸಲು ಬಾರದವರು ಸ್ವರಗಳನ್ನು ಬರೆದೇ ಹಾಡು ಮಾಡಬಹುದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳಿಗೆ ಮತ್ತೆ ಕೊಡಬೇಕಿಲ್ಲ. ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಟ್ರಯಲ್‌ನಲ್ಲಿ ಸೇವ್ ಮಾಡಬಹುದು, ಹಾಡನ್ನು ಆಡಿಯೋ ಫೈಲಾಗಿ ಎಕ್ಸ್‌ಪೋರ್ಟ್ ಕೂಡ ಮಾಡಬಹುದು, ಆದರೆ ಸೇವ್ ಮಾಡಿದ್ದನ್ನು ಮತ್ತೆ ತೆರೆಯಬೇಕಾದರೆ ಕೊಳ್ಳಲೇಬೇಕು. ಇದು ಗೊತ್ತಿದ್ದುದರಿಂದ ಒಂದು ಭಾನುವಾರ ಬೆಳಿಗ್ಗೆ ಕೂತವನು ಕಂಪ್ಯೂಟರ್ ಮುಚ್ಚದೆ ರಾತ್ರಿಯವರೆಗೂ ಕೂತೇ ಮುಗಿಸಿದೆ. ಹಾಡನ್ನು ಜೋಡಿಸುವ ಪರದೆಯಾದ ಪ್ಲೇಲಿಸ್ಟ್‌ನಲ್ಲಿ ಪ್ಯಾಟರ್ನ್‌ಗಳನ್ನು, ಅಂದರೆ ಮಾಡಿಟ್ಟ ತುಣುಕುಗಳನ್ನು, ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದೆ. ಕೇಳಿದರೆ ಅದೂ ಗೋಡೆಯ ಹಾಗೇ ಇತ್ತು, ಎಲ್ಲಿ ಕೇಳಿದರೂ ಅದೇ. ತಪ್ಪು ನನ್ನದೇ. ಮೌಸ್ ಹಿಡಿದು ನಕಲು ಮಾಡುವಾಗ ನಾನು ಕೇಳಿಸಿಕೊಳ್ಳುವುದನ್ನೇ ನಿಲ್ಲಿಸಿಬಿಡುತ್ತೇನೆ.

ರೀಪರ್‌ಗೆ ಹೆಚ್ಚು ದಿನ ಕೊಡಲಿಲ್ಲ. 60 ದಿನದ ಉಚಿತ ಟ್ರಯಲ್‌ನಲ್ಲಿ ಎಲ್ಲ ಸೌಲಭ್ಯವೂ ತೆರೆದೇ ಇರುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಹಗುರವಾಗಿ ಓಡುತ್ತದೆ, ರೆಕಾರ್ಡಿಂಗ್‌ಗೆ ಬಲು ಚೆನ್ನ. ಆದರೆ ಒಳಗೆ ವಾದ್ಯಗಳು ತೀರಾ ಕಡಿಮೆ, ವೈಟಲ್, ಸರ್ಜ್ ಎಕ್ಸ್‌ಟಿ ಥರದ ಉಚಿತ ಸಿಂತ್‌ಗಳನ್ನು ನಾವೇ ತಂದು ಹಾಕಿಕೊಳ್ಳಬೇಕು. ಏನು ಬೇಕು ಎಂದೇ ಗೊತ್ತಿಲ್ಲದವನಿಗೆ ಖಾಲಿ ಮನೆ ಕೊಟ್ಟ ಹಾಗೆ. ಮ್ಯಾಕ್ ಇದ್ದವರು ಇಷ್ಟೆಲ್ಲ ಅಲೆಯುವುದೇ ಬೇಡ, ಆಪಲ್‌ನ ಉಚಿತ ಗ್ಯಾರೇಜ್‌ಬ್ಯಾಂಡ್‌ನಲ್ಲೇ ಶುರು ಮಾಡಿ. ನನ್ನ ಹತ್ತಿರ ಮ್ಯಾಕ್ ಇರಲಿಲ್ಲ.

ಇಷ್ಟರಲ್ಲಿ 25 ಕೀಗಳ ಒಂದು ಪುಟ್ಟ ಮಿಡಿ ಕೀಬೋರ್ಡ್ ಕೊಂಡೆ, ಯಾವ ಸ್ವರ ಒತ್ತಿದೆ ಎಂದು ಸಾಫ್ಟ್‌ವೇರ್‌ಗೆ ತಿಳಿಸುವ ಪಿಯಾನೋ ಥರದ್ದು. ಅದರ ಜೊತೆ ಏಬಲ್‌ಟನ್ ಲೈವ್‌ನ ಕಿರಿಯ ಆವೃತ್ತಿಯಾದ ಲೈವ್ ಲೈಟ್ ಉಚಿತವಾಗಿ ಬಂತು. ಇಂಥ ಕೀಬೋರ್ಡ್‌ಗಳ ಜೊತೆ ಹೀಗೆ ಏನಾದರೊಂದು ಸಾಫ್ಟ್‌ವೇರ್ ಬರುವುದು ಮಾಮೂಲು, ಕೊಳ್ಳುವ ಮೊದಲು ಅದನ್ನೂ ನೋಡಿಕೊಳ್ಳಿ. ಖುಷಿಯಿಂದ ಕೀ ಒತ್ತಿದರೆ ಸದ್ದು ತಡವಾಗಿ ಬರುತ್ತಿದೆ! ಕೀಬೋರ್ಡೇ ಕೆಟ್ಟಿದೆ ಎಂದುಕೊಂಡೆ. ಕೆಟ್ಟಿರಲಿಲ್ಲ. ಕಂಪ್ಯೂಟರ್ ನುಡಿಸುವ ಮೊದಲು ಸದ್ದನ್ನು ಕೂಡಿಟ್ಟುಕೊಳ್ಳುವ ಬಫರ್ 1024 ಸ್ಯಾಂಪಲ್ (ಸದ್ದಿನ ಚಿಕ್ಕ ಚಿಕ್ಕ ಅಳತೆಗಳು) ಇತ್ತು. ಸೆಕೆಂಡಿಗೆ 44,100 ಸ್ಯಾಂಪಲ್ ಓಡುವಾಗ ಅದೊಂದೇ ಸುಮಾರು 23 ಮಿಲಿಸೆಕೆಂಡ್ ತಡ, ಸದ್ದನ್ನು ಸ್ಪೀಕರಿಗೆ ಮುಟ್ಟಿಸುವ ವಿಂಡೋಸಿನ ಮಾಮೂಲಿ ಡ್ರೈವರ್ ಸೇರಿಸುವ ತಡ ಬೇರೆ. ಆಸಿಯೋ ಫೋರ್ ಆಲ್ ಎಂಬ ಉಚಿತ ಡ್ರೈವರ್ ಹಾಕಿ ಬಫರನ್ನು 256ಕ್ಕೆ ಇಳಿಸಿದೆ, ಸರಿಹೋಯಿತು. ಇನ್ನೂ ಇಳಿಸಿದರೆ ನನ್ನ ಲ್ಯಾಪ್‌ಟಾಪ್ ಚಟಪಟ ಅನ್ನುತ್ತಿತ್ತು. ಸಾಫ್ಟ್‌ವೇರ್ ಚೆನ್ನಾಗಿಲ್ಲ ಎಂದು ಬಿಟ್ಟವರಲ್ಲಿ ಎಷ್ಟು ಜನ ಈ ಒಂದು ಸೆಟ್ಟಿಂಗ್ ನೋಡದೆ ಬಿಟ್ಟಿದ್ದಾರೋ.

ಲೈವ್‌ನಲ್ಲಿ ಎರಡು ಪರದೆ. ಒಂದು ಅರೇಂಜ್‌ಮೆಂಟ್, ಎಡದಿಂದ ಬಲಕ್ಕೆ ಹಾಡು ಸಾಗುವ ಮಾಮೂಲಿ ನೋಟ. ಇನ್ನೊಂದು ಸೆಷನ್, ಚೌಕಗಳ ಜಾಲರಿ, ಪ್ರತಿ ಚೌಕದಲ್ಲೂ ಒಂದು ತುಣುಕು, ಒತ್ತಿದರೆ ಮುಂದಿನ ಬಾರಿನಿಂದ ತಾಳ ತಪ್ಪದೆ ಶುರುವಾಗುತ್ತದೆ. ನಾನು ಲೂಪ್ ಮಾಡಿ, ಬೇಸಿಗೆ ಎರಡು ಬಗೆ, ಹೈಹ್ಯಾಟಿಗೆ ಎರಡು ಬಗೆ ಇಟ್ಟು, ರೆಕಾರ್ಡ್ ಒತ್ತಿ ಸುಮ್ನೆ ಆಡುತ್ತಾ ಹೋದೆ. ಕಿಕ್ ನಿಲ್ಲಿಸು, ಕಾರ್ಡ್ ಮಾತ್ರ ಬಿಡು, ಸದ್ದನ್ನು ಮಂಕಾಗಿಸುವ ಫಿಲ್ಟರ್ ನಿಧಾನಕ್ಕೆ ತೆರೆ, ಈಗ ಎಲ್ಲ ಒಟ್ಟಿಗೆ. ಒತ್ತಿದ್ದೆಲ್ಲ ಅರೇಂಜ್‌ಮೆಂಟ್‌ನಲ್ಲಿ ದಾಖಲಾಗಿತ್ತು. ಬೇಜಾರಾದಾಗ ಕೈ ತಾನಾಗಿ ಏನನ್ನೋ ಬದಲಿಸುತ್ತಿತ್ತು, ಅಲ್ವಾ, ಅದೇ ಹಾಡಿನ ತಿರುವು ಆಯಿತು. ಏಳು ನಿಮಿಷದ ಆಟವನ್ನು ಕತ್ತರಿಸಿ 2 ನಿಮಿಷ 50 ಸೆಕೆಂಡಿಗೆ ತಂದೆ. ನನ್ನ ಮೊದಲ ಮುಗಿದ ಟ್ರ್ಯಾಕ್ ಅದು. ಬೇಸ್ ಜಾಸ್ತಿಯಾಗಿದೆ, ಹೆಡ್‌ಫೋನ್‌ನಲ್ಲಿ ಮಾತ್ರ ಕೇಳಿದ್ದಕ್ಕೆ. ಲೈವ್ ಲೈಟ್‌ನಲ್ಲಿ ಟ್ರ್ಯಾಕ್‌ಗಳಿಗೆ (ಒಂದೊಂದು ವಾದ್ಯದ ಸಾಲುಗಳಿಗೆ) ಮಿತಿ ಇದೆ, ಅದರಿಂದ ತೊಂದರೆಗಿಂತ ಉಪಕಾರವೇ ಜಾಸ್ತಿ ಆಯಿತು. ಬೇಡದ್ದನ್ನು ಸೇರಿಸುತ್ತಾ ಕೂರಲು ಜಾಗವೇ ಇರಲಿಲ್ಲ.

ನನ್ನ ಗೆಳತಿಗೆ ಈ ಚೌಕಗಳಾಟ ತಲೆಗೇ ಹೋಗಲಿಲ್ಲ. ಹಾಡಿನ ಪೂರ್ತಿ ನಕ್ಷೆ ಮೊದಲೇ ಕಣ್ಣೆದುರು ಬೇಕು ಅವಳಿಗೆ, ಎಫ್‌ಎಲ್‌ನಲ್ಲಿ ನನಗಿಂತ ಬೇಗ ಮುಗಿಸುತ್ತಾಳೆ. ಈಗ ಒಟ್ಟಿಗೆ ಒಂದು ಟ್ರ್ಯಾಕ್ ಮಾಡುತ್ತಿದ್ದೇವೆ. ಅವಳ ಪ್ರಾಜೆಕ್ಟ್ ನನ್ನಲ್ಲಿ ತೆರೆಯುವುದಿಲ್ಲ, ಅದಕ್ಕೆ ಪ್ರತಿ ವಾದ್ಯದ ಸಾಲನ್ನೂ ಮೊದಲ ಬಾರಿನಿಂದಲೇ ವೇವ್ ಎಂಬ ಆಡಿಯೋ ಫೈಲ್ ಮಾಡಿ ಕಳಿಸಿಕೊಳ್ಳುತ್ತೇವೆ. ಬಿಪಿಎಂ ಎಷ್ಟು ಎಂದು ಫೈಲಿನ ಹೆಸರಲ್ಲೇ ಬರಿ ಎಂದು ಅವಳಿಗೆ ಹೇಳಿ ಸಾಕಾಯಿತು. ಕಳೆದ ವಾರ ಮತ್ತೆ ಮರೆತಳು, ಮೇಜು ಕುಟ್ಟಿ ಎಣಿಸುತ್ತಾ ಅರ್ಧ ಗಂಟೆ ಹೋಯಿತು. 140 ಇತ್ತು.